ತ.ರಾ.ಸು. ಮತ್ತು ಅವರ ದುರ್ಗದ ಕಾದಂಬರಿಗಳು: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿಕಾರ ತ.ರಾ.ಸು. ಅವರನ್ನು ನಾನು ಮೊದಲು ಓದಿದ್ದು ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ. ಆಮೇಲೆ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅವರ ವಿಷಯ ಮಾತಿಗೆ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೊಸದಾಗಿ ಓದಲು ಹೊರಟವರಿಗೂ, ಸಿನಿಮಾ ನೋಡಿ ಪುಸ್ತಕದ ಕಡೆ ಬಂದವರಿಗೂ ಅನುಕೂಲವಾಗಲಿ ಎಂದು ಒಂದೆಡೆ ಬರೆದಿಟ್ಟಿದ್ದೇನೆ. ದುರ್ಗ ಎಂದರೆ ಚಿತ್ರದುರ್ಗ, ಅದನ್ನಾಳಿದ ನಾಯಕರ ಕಥೆಯೇ ದುರ್ಗದ ಕಾದಂಬರಿಗಳು.

‘ತ.ರಾ.ಸು.’ ಎಂದರೆ ಪೂರ್ತಿ ಹೆಸರೇನು?

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ತಳುಕು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಊರು. ರಾಮಸ್ವಾಮಯ್ಯ ಅವರ ತಂದೆ. 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದರು, 1984ರಲ್ಲಿ ತೀರಿಕೊಂಡರು.

ತಳುಕಿನ ಈ ಮನೆತನಕ್ಕೂ ಕನ್ನಡಕ್ಕೂ ಇರುವ ನಂಟು ದೊಡ್ಡದು. ಮನೆಮಾತು ತೆಲುಗು, ಬದುಕೆಲ್ಲ ಕನ್ನಡ. ತ.ರಾ.ಸು. ಅವರ ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು ಕುವೆಂಪು ಅವರ ಮೇಷ್ಟ್ರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಅವರಿಗೇ. ಚಿಕ್ಕಪ್ಪ ತ.ಸು. ಶಾಮರಾಯರು ಈ ಮನೆತನದ ಕಥೆಯನ್ನೇ ‘ಮೂರು ತಲೆಮಾರು’ ಎಂಬ ಪುಸ್ತಕವಾಗಿ ಬರೆದರು. ತ.ರಾ.ಸು. ಎಂಥ ಹಟ್ಟಿಯಿಂದ, ಎಂಥ ಬಡತನದಿಂದ, ಎಂಥ ಓದಿನ ಹಸಿವಿನಿಂದ ಬಂದವರು ಎಂದು ತಿಳಿಯಬೇಕಿದ್ದರೆ ಆ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಅವರು ಬರವಣಿಗೆಯನ್ನೇ ನಂಬಿ ಬದುಕಿದವರೇ?

ಬಹುಮಟ್ಟಿಗೆ ಹೌದು. ಕಾಲೇಜು ಓದುವ ವಯಸ್ಸಿನಲ್ಲಿ ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು, ಸೆರೆಮನೆ ಕಂಡರು. ಆಮೇಲೆ ಪತ್ರಿಕೆಗಳಲ್ಲಿ ದುಡಿದರು. ಪತ್ರಿಕೆಯ ಕೆಲಸದಲ್ಲಿ ಪಳಗಿದವರ ಕೈಗೆ ಒಂದು ಗುಣ ಬರುತ್ತದೆ. ಓದುಗ ಎಲ್ಲಿ ಪುಟ ಮುಚ್ಚಿಬಿಡುತ್ತಾನೆ ಎಂಬುದು ಅವರಿಗೆ ಗೊತ್ತಿರುತ್ತದೆ. ತ.ರಾ.ಸು. ಅವರ ಅಧ್ಯಾಯಗಳು ಮುಗಿಯುವ ರೀತಿ ನೋಡಿದರೆ ಇದು ತಿಳಿಯುತ್ತದೆ. ರಾತ್ರಿ ಊಟವಾದ ಮೇಲೆ ‘ಇದೊಂದು ಅಧ್ಯಾಯ’ ಎಂದು ಕೂತವರು ಕೋಳಿ ಕೂಗುವ ತನಕ ಕೂತಿರುತ್ತಾರೆ.

ಅವರು ಪ್ರಗತಿಶೀಲ ಲೇಖಕರಲ್ಲವೇ? ಹಾಗಿದ್ದ ಮೇಲೆ ರಾಜರ ಕಥೆ ಬರೆದದ್ದೇಕೆ?

ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಅವರನ್ನು ಓದುವ ಬಾಗಿಲೇ ಇದು.

1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ಪ್ರಗತಿಶೀಲ ಚಳವಳಿ ಎದ್ದಿತು. ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗ ಇವರ ಜೊತೆ ತ.ರಾ.ಸು. ಕೂಡ ಅದರ ಮುಂಚೂಣಿಯಲ್ಲಿದ್ದರು. ಸಾಹಿತ್ಯ ಬೀದಿಗೆ ಬರಬೇಕು, ಹಸಿದವರ, ತುಳಿಸಿಕೊಂಡವರ ಬದುಕನ್ನು ಬರೆಯಬೇಕು ಎಂಬುದು ಅವರ ನಿಲುವು. ‘ಮಸಣದ ಹೂವು’, ‘ಬಿಡುಗಡೆಯ ಬೇಡಿ’, ‘ಚಂದವಳ್ಳಿಯ ತೋಟ’ ಇವೆಲ್ಲ ಆ ಮನಸ್ಸಿನಿಂದ ಬಂದ ಸಾಮಾಜಿಕ ಕಾದಂಬರಿಗಳು.

ಇಂಥವರು ಸಿಂಹಾಸನ, ದಳವಾಯಿ, ಕತ್ತಿ, ಕಹಳೆ ಎಂದು ಹೊರಟರೆ ದಾರಿ ಬದಲಿಸಿದರು ಎನ್ನಿಸುವುದು ಸಹಜ. ಆದರೆ ಪುಸ್ತಕ ತೆರೆದು ನೋಡಿ. ಇಲ್ಲಿ ರಾಜವೈಭವದ ವರ್ಣನೆಗೆ ಸಿಗುವ ಜಾಗ ಕಡಿಮೆ. ಪಟ್ಟದ ಮೇಲೆ ಕೂತವನಿಗಿಂತ ಪಟ್ಟದ ಸುತ್ತ ನಿಂತವರ ಮೇಲೆ ಲೇಖಕರ ಕಣ್ಣಿದೆ. ಗಂಡನನ್ನು, ಮಗನನ್ನು ಕಳೆದುಕೊಂಡ ನಾಗತಿಯರು (ದುರ್ಗದ ರಾಣಿಯರು), ಒಡೆಯನ ಉಪ್ಪಿಗೂ ತನ್ನ ಆತ್ಮಸಾಕ್ಷಿಗೂ ನಡುವೆ ಸಿಕ್ಕಿಬಿದ್ದ ಕಾವಲಿನವರು, ಗುಟ್ಟು ಹೊತ್ತು ಓಡಾಡುವ ಊಳಿಗದವರು. ಅಧಿಕಾರದ ಆಸೆ ಎಂಬುದು ಮನೆಯೊಳಗೆ ಹೊಕ್ಕರೆ ಯಾರ ಯಾರ ಕಣ್ಣಲ್ಲಿ ನೀರು ಬರುತ್ತದೆ ಎಂದು ಅವರು ಎಣಿಸುತ್ತ ಹೋಗುತ್ತಾರೆ. ಸಾಮಾಜಿಕ ಕಾದಂಬರಿಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲಿ ಇನ್ನೂರು, ಮುನ್ನೂರು ವರ್ಷ ಹಿಂದಕ್ಕೆ ಹೋಗಿ ಕೇಳಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೇ ಇವನ್ನು ಬರೀ ಶೌರ್ಯದ ಕಥೆಗಳೆಂದು ಓದಿದರೆ ಅರ್ಧ ಮಾತ್ರ ಸಿಕ್ಕಂತೆ.

ದುರ್ಗದ ಕಾದಂಬರಿಗಳು ಯಾವುವು? ಯಾವುದರಿಂದ ಶುರು ಮಾಡಬೇಕು?

‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ಈ ಮೂರೂ ಒಂದೇ ಎಳೆಯಲ್ಲಿ ಸಾಗುವ ಕಥೆ. ಇವನ್ನು ಇದೇ ಕ್ರಮದಲ್ಲಿ ಓದಬೇಕು, ನಡುವಿನಿಂದ ಹಿಡಿದರೆ ರುಚಿ ಕೆಡುತ್ತದೆ. ಇವಲ್ಲದೆ ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಇವೆ. ಕೊನೆಗೆ ‘ದುರ್ಗಾಸ್ತಮಾನ’.

ಎಲ್ಲರೂ ಹೆಸರು ಕೇಳಿರುವುದು ‘ದುರ್ಗಾಸ್ತಮಾನ’ದ್ದಾದ್ದರಿಂದ ನೇರ ಅದಕ್ಕೇ ಕೈ ಹಾಕುತ್ತಾರೆ. ತಪ್ಪೇನಿಲ್ಲ, ಅದು ತಾನಾಗಿಯೇ ನಿಲ್ಲುವ ಪುಸ್ತಕ. ಆದರೂ ನನ್ನನ್ನು ಕೇಳಿದರೆ ‘ಕಂಬನಿಯ ಕುಯಿಲು’ವಿನಿಂದ ಶುರು ಮಾಡಿ ಎನ್ನುತ್ತೇನೆ. ದುರ್ಗ ಮುಳುಗಿದ್ದನ್ನು ಓದುವ ಮೊದಲು ದುರ್ಗ ಹೇಗೆ ಮುಳುಗದೆ ಉಳಿಯಿತು ಎಂಬುದು ಗೊತ್ತಿರಬೇಕು. ಒಮ್ಮೆ ಒಳಜಗಳದಿಂದ ನೆಲಕಚ್ಚಿ, ಮತ್ತೆ ಎದ್ದು, ಬೆಳೆದ ಸಂಸ್ಥಾನ ಇದು. ಅದನ್ನು ತಿಳಿದು ಕೊನೆಯ ಪುಸ್ತಕಕ್ಕೆ ಬಂದರೆ ಅಲ್ಲಿನ ಪ್ರತಿಯೊಂದು ಅನುಮಾನದ ನೋಟವೂ, ಬಾಯಿ ತಪ್ಪಿ ಆಡಿದ ಪ್ರತಿಯೊಂದು ಮಾತೂ ಹಳೆಯ ಗಾಯವನ್ನು ಮುಟ್ಟಿದ ಹಾಗೆ ಆಗುತ್ತದೆ.

‘ಕಂಬನಿಯ ಕುಯಿಲು’ ಎಂದರೇನು?

ಕುಯಿಲು ಎಂದರೆ ಕೊಯ್ಲು. ಕಣ್ಣೀರಿನ ಸುಗ್ಗಿ. ಬಿತ್ತಿದವರು ಯಾರೋ, ಕೊಯ್ದವರು ಯಾರೋ. ತ.ರಾ.ಸು. ಹೆಸರಿಡುವುದರಲ್ಲಿ ಬಹಳ ಜಾಣರು. ‘ತಿರುಗುಬಾಣ’ ಬಿಟ್ಟವನ ಕಡೆಗೇ ತಿರುಗುವ ಬಾಣ. ‘ದುರ್ಗಾಸ್ತಮಾನ’ ಎಂದಾಗ ಕೋಟೆ ಸೂರ್ಯನೇ ಆಗಿಬಿಟ್ಟಿತು. ಗಮನಿಸಿ, ಈ ಹೆಸರುಗಳೆಲ್ಲ ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುತ್ತವೆ. ಏನಾಗುತ್ತದೆ ಎಂಬ ಕುತೂಹಲವನ್ನು ಅವರು ಮುಖಪುಟದಲ್ಲೇ ಬಿಟ್ಟುಕೊಟ್ಟು, ಹೇಗಾಯಿತು ಎಂಬುದರ ಮೇಲೆ ಪೂರ್ತಿ ಕಾದಂಬರಿ ನಿಲ್ಲಿಸುತ್ತಾರೆ. ಅಷ್ಟು ಧೈರ್ಯ ಬೇಕು.

ಓಬವ್ವ ನಾಗತಿ ಮತ್ತು ಒನಕೆ ಓಬವ್ವ ಒಬ್ಬರೇನಾ?

ಅಲ್ಲ. ಈ ಗೊಂದಲ ಬಹಳ ಜನರಿಗಿದೆ. ನಾಗತಿ ಎಂದರೆ ದುರ್ಗದ ನಾಯಕರ ರಾಣಿಯರನ್ನು ಕರೆಯುತ್ತಿದ್ದ ಹೆಸರು. ‘ಕಂಬನಿಯ ಕುಯಿಲು’ವಿನ ಓಬವ್ವ ನಾಗತಿ ರಾಜಮನೆತನದ ಹಿರಿಯ ಹೆಂಗಸು, ಕಾಲ 17ನೇ ಶತಮಾನದ ಕೊನೆಯ ಭಾಗ. ಒನಕೆ ಓಬವ್ವ ಕೋಟೆಯ ಕಾವಲುಗಾರ ಕಹಳೆಯ ಮುದ್ದಹನುಮನ ಹೆಂಡತಿ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋಗಿ, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಬಡಿದವಳು. ಅವಳದ್ದು ಹೈದರಾಲಿ ಮುತ್ತಿಗೆಯ ಕಾಲ, 18ನೇ ಶತಮಾನ. ಇಬ್ಬರ ನಡುವೆ ಸುಮಾರು ನೂರು ವರ್ಷದ ಅಂತರ.

ದುರ್ಗದ ಕಡೆ ಓಬವ್ವ, ಓಬಣ್ಣ, ಓಬಯ್ಯ ಎಂಬ ಹೆಸರು ಮನೆಮನೆಯಲ್ಲೂ ಸಿಗುತ್ತದೆ. ಹೀಗಾಗಿ ಕಾದಂಬರಿಯಲ್ಲೂ ಇತಿಹಾಸದಲ್ಲೂ ಒಂದಕ್ಕಿಂತ ಹೆಚ್ಚು ಓಬವ್ವಂದಿರು ಬರುತ್ತಾರೆ.

ಮದಕರಿ ನಾಯಕ ಒಬ್ಬನೇ ಅಲ್ಲವೇ?

ಅದೂ ಅಲ್ಲ. ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾದ ದುರ್ಗದ ನಾಯಕರ ವಂಶ 16ನೇ ಶತಮಾನದ ಉತ್ತರಾರ್ಧದಿಂದ 1779ರವರೆಗೆ, ಸುಮಾರು ಇನ್ನೂರು ವರ್ಷ ಆಳಿತು. ಈ ವಂಶದಲ್ಲಿ ಮದಕರಿ ಎಂಬ ಹೆಸರಿನವರು ಹಲವರು, ಕಸ್ತೂರಿ ರಂಗಪ್ಪ ಎಂಬ ಹೆಸರಿನವರು ಇಬ್ಬರು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಮಡಿದವನು ಹಿರೇ ಮದಕರಿ ನಾಯಕ. ಹೈದರಾಲಿಯೊಡನೆ ಕಾದಾಡಿ ರಾಜ್ಯ ಕಳೆದುಕೊಂಡವನು ಕೊನೆಯ ಮದಕರಿ. ಜನಪದದಲ್ಲಿ, ಲಾವಣಿಗಳಲ್ಲಿ ಇವರೆಲ್ಲ ಸೇರಿ ಒಬ್ಬನೇ ಮದಕರಿಯಾಗಿಬಿಟ್ಟಿದ್ದಾರೆ. ಪುಸ್ತಕ ಓದುವಾಗ ಒಂದು ಹಾಳೆಯಲ್ಲಿ ವಂಶಾವಳಿ ಬರೆದಿಟ್ಟುಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಪುಸ್ತಕದ ನಡುವೆ ಮಡಿಸಿಟ್ಟ ಆ ಹಾಳೆ ಅಂಚಿನಲ್ಲಿ ಸವೆದು ಬಟ್ಟೆಯ ಹಾಗಾಗಿದೆ.

‘ರಕ್ತರಾತ್ರಿ’ ಸೇರಿದಂತೆ ಆ ಮೊದಲ ಮೂರು ಕಾದಂಬರಿಗಳ ಕಥೆ ಏನು? ಪೂರ್ತಿ ಹೇಳಬೇಡಿ.

ಹೇಳುವುದಿಲ್ಲ. ಇಷ್ಟು ಸಾಕು: ದುರ್ಗದಲ್ಲಿ ನಾಯಕನಿಗಿಂತ ದಳವಾಯಿಯ, ಅಂದರೆ ಸೇನೆಯ ಮುಖ್ಯಸ್ಥನ, ಕೈ ಮೇಲಾದ ಕಾಲ. ದಳವಾಯಿ ಮುದ್ದಣ್ಣ ಪಟ್ಟವನ್ನು ಪಗಡೆಯ ಕಾಯಿ ಮಾಡಿಕೊಳ್ಳುತ್ತಾನೆ. ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂಬುದು ಅವನ ಬೆರಳ ತುದಿಯಲ್ಲಿದೆ. ಅರಮನೆಯ ಹೆಂಗಸರು, ಪ್ರಧಾನಿಗಳು, ನಂಬಿಗಸ್ತ ಸೇವಕರು ಇದನ್ನು ಹೇಗೆ ಎದುರಿಸುತ್ತಾರೆ ಎಂಬುದೇ ಕಥೆ. ಇತಿಹಾಸದಲ್ಲಿ ಈ ಗೊಂದಲ ತಿಳಿಯಾದದ್ದು 1689ರ ಸುಮಾರಿಗೆ ಭರಮಣ್ಣ ನಾಯಕ ಪಟ್ಟಕ್ಕೆ ಬಂದ ಮೇಲೆ. ಭರಮಸಾಗರ ಎಂಬ ಊರಿನ ಹೆಸರಲ್ಲಿ ಅವನು ಇಂದಿಗೂ ಇದ್ದಾನೆ.

ಮುದ್ದಣ್ಣನನ್ನು ತ.ರಾ.ಸು. ಬರೆದ ಬಗೆ ನೋಡಬೇಕು. ಮೀಸೆ ತಿರುವುವ ಖಳನಲ್ಲ ಅವನು. ಲೆಕ್ಕಾಚಾರದ ಮನುಷ್ಯ. ಅವನ ಒಂದೊಂದು ಹೆಜ್ಜೆಗೂ ಅವನ ಮಟ್ಟಿಗೆ ಕಾರಣವಿದೆ. ಓದುತ್ತ ಓದುತ್ತ ನಾವೂ ಅವನ ಲೆಕ್ಕವನ್ನು ಒಪ್ಪಿ, ಮರುಪುಟದಲ್ಲಿ ಬೆಚ್ಚಿ ಹಿಂದೆ ಸರಿಯುತ್ತೇವೆ.

‘ದುರ್ಗಾಸ್ತಮಾನ’ ಏಕೆ ಅಷ್ಟು ದೊಡ್ಡದೆಂದು ಹೊಗಳುತ್ತಾರೆ?

ದುರ್ಗದ ಸರಣಿಯಲ್ಲಿ ತ.ರಾ.ಸು. ಕೊನೆಗೆ ಬರೆದದ್ದು ಇದು. ಅಭಿಮಾನದಿಂದ ಬೆಳೆದ ಊರಿನ ಸಾವನ್ನು ಬರೆಯುವ ಕೆಲಸ. ಉಳಿದ ದುರ್ಗದ ಕಾದಂಬರಿಗಳೆಲ್ಲ ಮುಗಿದ ಮೇಲೆ, ಬಾಳಿನ ಸಂಜೆಯಲ್ಲಿ, ಈ ಕಥೆಗೆ ಕೂತರು. ಅವರು ಹೋದ ಮೇಲೆ, 1985ರಲ್ಲಿ, ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮೊದಲು ಇತಿಹಾಸದ ಚೌಕಟ್ಟು. ಎರಡನೆಯ ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ, ಅದೇ ವಂಶದ ಜಾನಕಲ್ಲಿನ ಕವಲಿನ ಹುಡುಗನೊಬ್ಬ ಪಟ್ಟಕ್ಕೆ ಬರುತ್ತಾನೆ. ಅವನೇ ಕೊನೆಯ ಮದಕರಿ. ಆಗ ದಕ್ಷಿಣದಲ್ಲಿ ಎರಡು ದೊಡ್ಡ ಶಕ್ತಿಗಳು ಒಂದನ್ನೊಂದು ನುಂಗಲು ನಿಂತಿವೆ. ಒಂದು ಕಡೆ ಪೇಶ್ವೆಯ ಮರಾಠರು, ಇನ್ನೊಂದು ಕಡೆ ಮೈಸೂರಿನ ಹೈದರಾಲಿ. ನಡುವೆ ದುರ್ಗ. 1763ರಲ್ಲಿ ಹೈದರ್ ನೆರೆಯ ಬಿದನೂರು ಸಂಸ್ಥಾನವನ್ನು ಹಿಡಿದಾಗ ದುರ್ಗ ಅವನ ಕಡೆಗಿತ್ತು. 1770ರಲ್ಲಿ ಪೇಶ್ವೆ ಮಾಧವರಾಯ ನಿಜಗಲ್ಲಿನ ಕೋಟೆಯ ಮುಂದೆ ಸಿಕ್ಕಿಕೊಂಡಾಗ ಅದನ್ನು ಹತ್ತಿ ಗೆದ್ದುಕೊಟ್ಟವರು ಮದಕರಿಯ ಬೇಡರ ಪಡೆ. ಇಬ್ಬರಿಗೂ ಬೇಕಾದವನು ಕೊನೆಗೆ ಇಬ್ಬರಿಗೂ ಅನುಮಾನದವನಾಗುತ್ತಾನೆ. 1770ರ ದಶಕದಲ್ಲಿ ಹೈದರ್ ಮತ್ತೆ ಮತ್ತೆ ಮುತ್ತಿಗೆ ಹಾಕಿದ. 1779ರಲ್ಲಿ ಕೋಟೆ ಬಿತ್ತು. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಸಾವಿರಾರು ಬೇಡರನ್ನೂ ಅಲ್ಲಿಗೆ ಸಾಗಿಸಿದರು.

ಈ ಘಟನೆಗಳು ಯಾವ ಇತಿಹಾಸದ ಪುಸ್ತಕದಲ್ಲೂ ಒಂದು ಪುಟದಲ್ಲಿ ಮುಗಿಯುತ್ತವೆ. ತ.ರಾ.ಸು. ಮಾಡಿದ್ದೇನೆಂದರೆ, ಆ ಒಂದೊಂದು ವಾಕ್ಯದ ಹಿಂದೆ ಒಂದೊಂದು ಮನೆ, ಒಂದೊಂದು ರಾತ್ರಿ, ಒಂದೊಂದು ಮಾತುಕತೆ ಇಟ್ಟರು. ಬಿದನೂರಿಗೆ ಹೋಗಬೇಕೋ ಬೇಡವೋ ಎಂಬುದು ನಮಗೆ 1763 ಎಂಬ ಇಸವಿ. ಆ ಹುಡುಗ ನಾಯಕನಿಗೆ ಅದು ನೆರೆಮನೆ ಸುಡಲು ಕೊಳ್ಳಿ ಹಿಡಿದುಕೊಟ್ಟ ಪಾಪದ ಪ್ರಶ್ನೆ, ಒಪ್ಪದಿದ್ದರೆ ತನ್ನ ಮನೆಗೇ ಬೆಂಕಿ ಬೀಳುವ ಭಯ. ಅವನ ಸುತ್ತ ಇರುವವರೆಲ್ಲ ತಮ್ಮ ತಮ್ಮ ದೃಷ್ಟಿಯಿಂದ ಸರಿಯಾದ ಸಲಹೆಯನ್ನೇ ಕೊಡುತ್ತಾರೆ. ಆ ಸರಿಯಾದ ಸಲಹೆಗಳೆಲ್ಲ ಕೂಡಿ ಒಂದು ತಪ್ಪಾಗುತ್ತದೆ. ನನ್ನ ಪಾಲಿಗೆ ಈ ಕಾದಂಬರಿಯ ಎತ್ತರ ಇರುವುದು ಇಲ್ಲಿ. ಏಳು ಸುತ್ತಿನ ಕಲ್ಲಿನ ಕೋಟೆಗೆ ಹೊರಗಿನ ಫಿರಂಗಿ ಮಾಡಲಾಗದ್ದನ್ನು ಒಳಗಿನ ಅಪನಂಬಿಕೆ ಮಾಡಿತು ಎಂದು ಅವರು ಎಲ್ಲೂ ಭಾಷಣ ಮಾಡದೆ, ಪುಟದಿಂದ ಪುಟಕ್ಕೆ ತೋರಿಸುತ್ತ ಬರುತ್ತಾರೆ.

ಆ ಬೇಸಿಗೆ ರಜೆಯಲ್ಲಿ ನಾನು ಕೊನೆಯ ನಲವತ್ತು ಪುಟ ಇರುವಾಗ ಪುಸ್ತಕ ಮುಚ್ಚಿ ಎರಡು ದಿನ ಅದರ ಹತ್ತಿರ ಹೋಗಲಿಲ್ಲ. ಕೋಟೆ ಬೀಳುತ್ತದೆ ಎಂದು ಗೊತ್ತಿತ್ತು, ಮುಖಪುಟದಲ್ಲೇ ಬರೆದಿತ್ತು. ನಾನು ಓದದಿದ್ದರೆ ಅದು ಇನ್ನೆರಡು ದಿನ ನಿಂತಿರುತ್ತದೆ ಎಂದು ಹುಡುಗುಮನಸ್ಸಿಗೆ ಅನಿಸಿತ್ತು.

ಇದರಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ?

ನಾಯಕರ ಹೆಸರು, ಕಾಳಗಗಳು, ಮುತ್ತಿಗೆಗಳು, ಪತನ ಇವು ಇತಿಹಾಸ. ಮುಚ್ಚಿದ ಬಾಗಿಲ ಹಿಂದೆ ಯಾರು ಯಾರಿಗೆ ಏನೆಂದರು ಎಂಬುದು ಕಾದಂಬರಿಕಾರರದ್ದು. ಬಖೈರುಗಳು (ಹಳೆಯ ಚರಿತ್ರೆಯ ಬರಹಗಳು), ಶಾಸನಗಳು, ಊರವರ ಬಾಯಿಮಾತಿನ ಐತಿಹ್ಯಗಳು, ಹಾಡುಗಳು, ಇವೆಲ್ಲ ದುರ್ಗದ ಬಗ್ಗೆ ಹೇರಳವಾಗಿವೆ. ಎಂ.ಎಸ್. ಪುಟ್ಟಣ್ಣನವರು ಇಲ್ಲಿನ ಪಾಳೆಯಗಾರರ ಚರಿತ್ರೆ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಬದುಕನ್ನೇ ದುರ್ಗದ ಇತಿಹಾಸ ಕೂಡಿಹಾಕಲು ಸವೆಸಿದರು. ಅಂಥವರ ದುಡಿಮೆ ಇಲ್ಲದೆ ಯಾವ ಕಾದಂಬರಿಕಾರನೂ ಈ ಮಣ್ಣಿನಲ್ಲಿ ಪಾಯ ತೋಡಲಾರ.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಈ ಕಾದಂಬರಿಗಳು ಎಷ್ಟು ಜನಪ್ರಿಯವಾದವೆಂದರೆ, ಕೆಲವರು ಕಾದಂಬರಿಯ ಸಂಭಾಷಣೆಯನ್ನೇ ಇತಿಹಾಸದ ದಾಖಲೆ ಎಂದು ಹೇಳುವುದನ್ನು ಕೇಳಿದ್ದೇನೆ. ಕೋಟೆಯ ಮೇಲೆ ಪ್ರವಾಸಿಗರಿಗೆ ಕಥೆ ಹೇಳುವವರ ಬಾಯಲ್ಲೂ ಕಾದಂಬರಿಯ ಸಾಲುಗಳು ತೇಲಿಬರುತ್ತವೆ. ಲೇಖಕನಿಗೆ ಅದು ದೊಡ್ಡ ಗೌರವ. ಚರಿತ್ರೆ ಬರೆಯಲು ಕೂತವರು ಮಾತ್ರ ಶಾಸನಗಳ ಕಡೆ, ಬಖೈರುಗಳ ಕಡೆ ಹೋಗಬೇಕು.

ಹೈದರಾಲಿಯನ್ನು ಕೆಟ್ಟವನನ್ನಾಗಿ ತೋರಿಸಿದ್ದಾರೆಯೇ?

ಕಥೆ ನಡೆಯುವುದು ಕೋಟೆಯ ಒಳಗಿನಿಂದ. ಮುತ್ತಿಗೆಗೆ ಒಳಗಾದವರ ಕಣ್ಣಿಗೆ ಮುತ್ತಿದವನು ಶತ್ರುವಾಗಿಯೇ ಕಾಣುತ್ತಾನೆ. ಅಷ್ಟರ ಮಟ್ಟಿಗೆ ಇದು ದುರ್ಗದ ಪಕ್ಷದ ಕಾದಂಬರಿ, ಅದನ್ನು ಅದು ಮುಚ್ಚಿಡುವುದೂ ಇಲ್ಲ. ಆದರೆ ಹೈದರನ ಚಾಣಾಕ್ಷತನ, ತಾಳ್ಮೆ, ಎದುರಾಳಿಯನ್ನು ಅಳೆಯುವ ಶಕ್ತಿ ಇಲ್ಲದಿದ್ದರೆ ಮದಕರಿಯ ಹೋರಾಟಕ್ಕೆ ತೂಕವೇ ಇರುತ್ತಿರಲಿಲ್ಲ. ಇಂದಿನ ಜಗಳಗಳಿಗೆ ಸಾಕ್ಷಿ ಹುಡುಕುತ್ತ ಈ ಪುಸ್ತಕ ತೆರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. 18ನೇ ಶತಮಾನದ ಪಾಳೆಯಗಾರರು, ನವಾಬರು, ಪೇಶ್ವೆಗಳು ಇವತ್ತು ಒಬ್ಬರ ಜೊತೆ, ನಾಳೆ ಇನ್ನೊಬ್ಬರ ಜೊತೆ ನಿಂತವರು. ಮಾಯಕೊಂಡದ ಯುದ್ಧದಲ್ಲಿ ದುರ್ಗದ ಪರವಾಗಿ ಚಂದಾ ಸಾಹೇಬ ಕಾದಿದ್ದನೆಂಬುದನ್ನು, ಎದುರು ಪಾಳೆಯದಲ್ಲಿ ಹರಪನಹಳ್ಳಿ, ರಾಯದುರ್ಗದ ನಾಯಕರೇ ಇದ್ದರೆಂಬುದನ್ನು ಮರೆಯಬಾರದು.

‘ಹಂಸಗೀತೆ’ಯೂ ಐತಿಹಾಸಿಕ ಕಾದಂಬರಿಯೇ?

ಹೌದು, ಆದರೆ ಅಲ್ಲಿ ನಾಯಕ ಸಂಗೀತಗಾರ. ದುರ್ಗದ ಭೈರವಿ ವೆಂಕಟಸುಬ್ಬಯ್ಯ. ಅಧಿಕಾರದ ಅಪ್ಪಣೆಗೆ ಮಣಿದು ಹಾಡಲಾರೆ ಎಂದು ನಾಲಿಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯವಿರುವ ಕಲಾವಿದ. ಸಿಂಹಾಸನದ ಕಥೆಗಳಷ್ಟೇ ಬರೆದಿದ್ದರೆ ತ.ರಾ.ಸು. ಒಳ್ಳೆಯ ಕಥೆಗಾರರಾಗಿ ಉಳಿಯುತ್ತಿದ್ದರು. ‘ಹಂಸಗೀತೆ’ ಬರೆದದ್ದರಿಂದ ಅವರು ಬೇರೆಯೇ ಎತ್ತರಕ್ಕೆ ಹೋದರು. ಭೈರವಿ ರಾಗ ಒಬ್ಬನಿಗೆ ಒಲಿಯುವುದೆಂದರೇನು, ಒಲಿದ ಮೇಲೆ ಅದು ಅವನಿಂದ ಏನೇನು ಕೇಳುತ್ತದೆ ಎಂಬುದನ್ನು ಶಬ್ದದಲ್ಲಿ ಹಿಡಿಯುವುದು ಸುಲಭವಲ್ಲ. ಸಂಗೀತ ಬಾರದವರಿಗೂ ಇಲ್ಲಿ ಶ್ರುತಿ ಕೇಳಿಸುತ್ತದೆ.

ಇದೇ ಕಥೆಯ ಮೇಲೆ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಚಿತ್ರ ಬಂತು. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ ಮಾಡಿದರು. ವೆಂಕಟಸುಬ್ಬಯ್ಯನಾಗಿ ಅನಂತನಾಗ್, ಹಾಡುಗಳಿಗೆ ಎಂ. ಬಾಲಮುರಳಿಕೃಷ್ಣರ ಕಂಠ. ದುರ್ಗದ ಬಂಡೆಗಳ ನಡುವೆ ಆ ಹಾಡುಗಳನ್ನು ಕೇಳುವುದೇ ಒಂದು ಭಾಗ್ಯ.

‘ನಾಗರಹಾವು’ ಕೂಡ ದುರ್ಗದ ಕಥೆ ತಾನೇ?

ಊರು ದುರ್ಗ, ಕಾಲ ನಮ್ಮದು. ಅದು ಸಾಮಾಜಿಕ ಕಾದಂಬರಿ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡಿದರು. ರಾಮಾಚಾರಿ, ಚಾಮಯ್ಯ ಮೇಷ್ಟ್ರು ಕನ್ನಡಿಗರ ಮನೆಯವರೇ ಆಗಿಹೋದರು. ಒನಕೆ ಓಬವ್ವನ ಹಾಡು ಆ ಚಿತ್ರದ್ದೇ, ಅದರಿಂದಾಗಿ ಎಷ್ಟೋ ಜನ ಕಾದಂಬರಿಯೂ ಐತಿಹಾಸಿಕ ಎಂದುಕೊಂಡಿದ್ದಾರೆ. ಕಾದಂಬರಿಯ ರಾಮಾಚಾರಿ ಸಿನಿಮಾದವನಿಗಿಂತ ಒರಟ. ಸಿನಿಮಾ ತ.ರಾ.ಸು. ಅವರಿಗೆ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದರೆಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಓಡಾಡುತ್ತದೆ. ನನಗೆ ಎರಡೂ ಇಷ್ಟ.

‘ಚಂದವಳ್ಳಿಯ ತೋಟ’, ‘ಗಾಳಿಮಾತು’, ‘ಬೆಂಕಿಯ ಬಲೆ’, ‘ಮಸಣದ ಹೂವು’, ‘ಆಕಸ್ಮಿಕ’ ಇವೂ ತೆರೆಗೆ ಬಂದವು. ಅಂದ ಹಾಗೆ, ಚಂದವಳ್ಳಿಗೂ ದುರ್ಗದ ಪಕ್ಕದ ಚಂದ್ರವಳ್ಳಿಗೂ ಗಂಟು ಹಾಕಬೇಡಿ.

ದುರ್ಗವನ್ನು ಬಿಟ್ಟು ಬೇರೆ ರಾಜರ ಬಗ್ಗೆ ಬರೆದಿಲ್ಲವೇ?

ಬರೆದಿದ್ದಾರೆ. ರಾಷ್ಟ್ರಕೂಟ ಅರಸನ ಮೇಲೆ ‘ನೃಪತುಂಗ’ ಇದೆ. ಒಳ್ಳೆಯ ಕಾದಂಬರಿ. ಆದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ ಹೋದಾಗ ಅವರು ಅತಿಥಿ, ದುರ್ಗದಲ್ಲಿ ಮನೆಯ ಮಗ.

ಭಾಷೆ ಕಷ್ಟವಾಗುತ್ತದೆಯೇ?

ಇಲ್ಲ. ಕಥೆ ಬಹುಪಾಲು ಮಾತುಕತೆಯಲ್ಲೇ ಸಾಗುತ್ತದೆ. ಮೊದಮೊದಲು ಕೆಲವು ಶಬ್ದಗಳು ತಡೆಯಬಹುದು. ದಳವಾಯಿ ಎಂದರೆ ಸೇನೆಯ ಮುಖ್ಯಸ್ಥ. ಬತೇರಿ ಫಿರಂಗಿ ಇಡುವ, ಕಾವಲು ಕಾಯುವ ಎತ್ತರದ ಕಟ್ಟಡ. ದಿಡ್ಡಿ ಎಂದರೆ ಕೋಟೆಯ ಚಿಕ್ಕ ಬಾಗಿಲು. ಲಗ್ಗೆ ಎಂದರೆ ಏಣಿ ಹಾಕಿ ಏರಿಬಂದು ಮೇಲೆ ಬೀಳುವುದು. ನಾಲ್ಕು ಅಧ್ಯಾಯ ಕಳೆಯುವಷ್ಟರಲ್ಲಿ ಇವೆಲ್ಲ ನಾಲಿಗೆಗೆ ಹತ್ತುತ್ತವೆ. ಒಂದು ಕೊರತೆಯನ್ನೂ ಹೇಳಬೇಕು: ಕೆಲವು ಕಡೆ ಪಾತ್ರಗಳು ಒಂದೇ ಸಂಕಟವನ್ನು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಆಡುತ್ತವೆ. ಬೇಗ ಓದುವವರಿಗೆ ಅಲ್ಲಿ ಕಾಲು ಎಳೆದಂತಾಗುತ್ತದೆ. ಅಂಥ ಕಡೆ ಗಟ್ಟಿಯಾಗಿ ಓದಿ ನೋಡಿ. ರಂಗದ ಮೇಲಿನ ಮಾತಿನ ಲಯ ಸಿಗುತ್ತದೆ.

ಇವರ ಜೊತೆಗೆ ಕನ್ನಡದಲ್ಲಿ ಇನ್ನು ಯಾರ ಐತಿಹಾಸಿಕ ಕಾದಂಬರಿ ಓದಬೇಕು?

ಗಳಗನಾಥರು ದಾರಿ ಹಾಕಿದವರು, ‘ಮಾಧವ ಕರುಣಾ ವಿಲಾಸ’ ಅವರದು. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ ಕಲ್ಯಾಣದ ಬಸವಣ್ಣನವರ ಕಾಲದ್ದು. ಹೊಯ್ಸಳರ ಬಗ್ಗೆ ಕೆ.ವಿ. ಅಯ್ಯರ್ ಅವರ ‘ಶಾಂತಲಾ’.

‘ದುರ್ಗಾಸ್ತಮಾನ’ದ ಪಕ್ಕದಲ್ಲಿಟ್ಟು ಓದಲೇಬೇಕಾದವರು ಮಾಸ್ತಿ. ಅವರ ‘ಚನ್ನಬಸವನಾಯಕ’ ಬಿದನೂರಿನ ಅವಸಾನದ ಕಥೆ. ‘ಚಿಕವೀರರಾಜೇಂದ್ರ’ ಕೊಡಗಿನ ಕೊನೆಯ ಅರಸನದ್ದು. ರಾಜ್ಯ ಮುಳುಗುವ ಕಥೆಯನ್ನೇ ಇಬ್ಬರೂ ಬರೆದರು, ಬರೆದ ಬಗೆ ಬೇರೆ. ಮಾಸ್ತಿ ಜಗಲಿಯ ಮೇಲೆ ಕೂತು, ದನಿ ಏರಿಸದೆ, ಎಲ್ಲರನ್ನೂ ಸಮನಾಗಿ ನೋಡುತ್ತ ಹೇಳುತ್ತಾರೆ. ತ.ರಾ.ಸು. ಕೋಟೆಯ ಒಳಗೆ ನಿಂತು, ಎದೆ ಹೊಡೆದುಕೊಳ್ಳುತ್ತ ಹೇಳುತ್ತಾರೆ. ಬಿದನೂರಿನ ಪತನವನ್ನು ಮಾಸ್ತಿಯವರಲ್ಲಿ ಓದಿ, ಅದೇ ಕಾಲಕ್ಕೆ ದುರ್ಗದಲ್ಲಿ ಏನು ನಡೆಯುತ್ತಿತ್ತೆಂದು ತ.ರಾ.ಸು. ಅವರಲ್ಲಿ ಓದಿದರೆ ಒಂದೇ ಬೆಂಕಿಯನ್ನು ಎರಡು ಕಿಟಕಿಗಳಿಂದ ಕಂಡಂತಾಗುತ್ತದೆ.

ಮಕ್ಕಳು ಓದಬಹುದೇ?

ಹೈಸ್ಕೂಲಿನವರು ಧಾರಾಳವಾಗಿ ಓದಬಹುದು. ‘ರಕ್ತರಾತ್ರಿ’ಯಲ್ಲಿ ಕೊಲೆಗಳಿವೆ, ತೀರಾ ಚಿಕ್ಕವರಿಗೆ ಬೇಡ.

ಓದಿದ ಮೇಲೆ ಕೋಟೆ ನೋಡಲು ಹೋಗುತ್ತಿದ್ದೇವೆ. ಏನು ನೋಡಬೇಕು?

ಎಲ್ಲರೂ ಓಬವ್ವನ ಕಿಂಡಿಯ ಕಡೆ ಓಡುತ್ತಾರೆ, ನೋಡಲೇಬೇಕಾದ ಜಾಗವೇ. ಒಬ್ಬ ಮನುಷ್ಯ ಮೈ ಮುದುಡಿ, ತಲೆ ಮುಂದೆ ಮಾಡಿಕೊಂಡು ತೂರಬೇಕು. ಆ ಕಡೆಯಿಂದ ಬರುವವನಿಗೆ ಮೊದಲು ಬೆಳಕು ಕಾಣುವ ಹೊತ್ತಿಗೆ ಅವನ ಕುತ್ತಿಗೆ ಹೊರಗೆ ಬಂದಿರುತ್ತದೆ. ಅಲ್ಲಿ ಬಗ್ಗಿ ನೋಡಿದರೆ ಒನಕೆಯೇ ಯಾಕೆ ಸಾಕಾಯಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಮೇಲಕ್ಕೆ ಓಡುವ ಮೊದಲು ಬಾಗಿಲುಗಳ ಹತ್ತಿರ ನಿಲ್ಲಿ. ದಾರಿ ನೇರವಾಗಿ ಹೋಗುವುದಿಲ್ಲ. ಪ್ರತಿ ಬಾಗಿಲಿಗೂ ತಿರುವು. ಆನೆಗೆ ಓಡಿಬಂದು ಗುದ್ದಲು ಜಾಗವಿಲ್ಲ, ಹೊರಗೆ ನಿಂತವನಿಗೆ ಒಳಗೇನಿದೆ ಎಂದು ಕಾಣುವುದಿಲ್ಲ. ಗೋಡೆಯ ಕಲ್ಲುಗಳು ಗಾರೆಯ ಹಂಗಿಲ್ಲದೆ ಒಂದರೊಳಗೊಂದು ಕೂತಿವೆ. ಇನ್ನು ಮದ್ದು ಬೀಸುವ ಕಲ್ಲುಗಳನ್ನು ತಪ್ಪಿಸಬೇಡಿ. ತಗ್ಗಿನ ಕಟ್ಟಡದಲ್ಲಿ ಆಳೆತ್ತರಕ್ಕೆ ಹತ್ತಿರದ ನಾಲ್ಕು ದೊಡ್ಡ ಗಾಲಿಯಂಥ ಬೀಸುಕಲ್ಲುಗಳಿವೆ. ಫಿರಂಗಿಯ ಮದ್ದನ್ನು ಅರೆದದ್ದು ಅಲ್ಲಿ. ಅಂಚು ಮುಟ್ಟಿ ನೋಡಿ, ಸವೆದು ನುಣುಪಾಗಿದೆ.

ಆಮೇಲೆ ಹಿಡಿಂಬೇಶ್ವರ, ಏಕನಾಥೇಶ್ವರಿ, ಅಕ್ಕ ತಂಗಿ ಹೊಂಡ. ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂರಲು ನೆರಳಿದೆ. ‘ದುರ್ಗಾಸ್ತಮಾನ’ ಕೈಚೀಲದಲ್ಲಿದ್ದರೆ ಅಲ್ಲಿ ತೆಗೆಯಿರಿ, ಎಲ್ಲಿ ಬೇಕಾದರೂ ನಾಲ್ಕು ಪುಟ ಓದಿ. ಸಂಜೆ ಇಳಿಯುವ ಹೊತ್ತಿಗೆ ಬಂಡೆಗಳು ಒಂದಷ್ಟು ಹೊತ್ತು ಕೆಂಪಾಗಿ ಉರಿದು, ಬುಡದಿಂದ ಕಪ್ಪಾಗುತ್ತ ಬರುತ್ತವೆ. ಬಾಗಿಲು ಹಾಕುವ ಮೊದಲು ಕಾವಲಿನವರು ಸೀಟಿ ಊದುತ್ತಾರೆ, ಆಗ ಇಳಿಯಿರಿ.